ಕಿವಿಮೇಸ್ತ್ರಿಯ ಸ್ಕ್ರೂಡ್ರೈವರ್

ಕಿವಿಮೇಸ್ತ್ರಿಯ ಸುದ್ದಿ ಅವಳು ಮೊದಲು ಕೇಳಿದ್ದು, ಬಾಡಿಗೆ ಕಾರು ಓಡಿಸುತ್ತಿದ್ದ ಗಂಡ ಒಂದು ಮಧ್ಯಾಹ್ನ ಕೈತುಂಬ ಗ್ರೀಸ್ ಮೆತ್ತಿಕೊಂಡು ಊಟಕ್ಕೆ ಬಂದ ದಿನ. ಪೆಟ್ರೋಲ್ ಬಂಕಿನ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾನಂತೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಒಳಗಿನ ಕಾಯಿಲೆ ಹೇಳುತ್ತಾನಂತೆ. ಅವನು ಕೇಳುವಾಗ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿಲ್ಲವಂತೆ.

"ಇಂಜಿನ್ ಎಷ್ಟು ದಿನ ಬರುತ್ತೆ ಅಂತ ಕೇಳಿದೆ ಕಣೇ. ನೀನೆಷ್ಟು ದಿನ ನೋಡ್ಕೊಳ್ತೀಯೋ ಅಷ್ಟು ದಿನ ಅಂದ."

ಅದು ಉತ್ತರವೋ ತಮಾಷೆಯೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಆ ಕಾರು ನಾಲ್ಕು ಲಕ್ಷ ಕಿಲೋಮೀಟರ್ ಓಡಿತು. ಎಣ್ಣೆ ಬದಲಿಸಿದಾಗಲೆಲ್ಲ, ಮುಂದೆ ಎಷ್ಟನೇ ಕಿಲೋಮೀಟರಿಗೆ ಬರಬೇಕೆಂದು ಮೇಸ್ತ್ರಿ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದ. ಮೀಟರ್ ಆ ಅಂಕಿ ಮುಟ್ಟಿತೆಂದರೆ ಗಂಡ ಎಂಥ ಬಾಡಿಗೆ ಬಂದರೂ ಬಿಟ್ಟು ಶೆಡ್ಡಿಗೆ ಓಡುತ್ತಿದ್ದ.

ಗಂಡ ತೀರಿಹೋದಮೇಲೆ ಕಾರು ನಿಂತಿತು. ಅವಳಿಗೆ ಓಡಿಸಲು ಬಾರದು, ಸ್ಟಾರ್ಟ್ ಮಾಡಲು ಮಾತ್ರ ಬರುತ್ತಿತ್ತು. ದಿನಾ ಬೆಳಿಗ್ಗೆ ಐದು ನಿಮಿಷ, ಕೂಸಿಗೆ ಹಾಲು ಕುಡಿಸುವಷ್ಟು ನಿಷ್ಠೆಯಿಂದ, ಇಂಜಿನ್ ಆನ್ ಮಾಡಿ ಕೂತು ಆರಿಸುತ್ತಿದ್ದಳು. ಬಾನೆಟ್ಟಿನ ಅಂಕಿ ಬರಲಿ, ಎಣ್ಣೆ ಬದಲಿಸೋಣವೆಂದು ಕಾದಳು. ನಿಂತ ಕಾರಿನ ಮೀಟರ್ ಯಾವ ಕಾಲಕ್ಕೆ ಅಲ್ಲಿಗೆ ಮುಟ್ಟೀತು? ಎರಡು ವರ್ಷಕ್ಕೆ ಒಳಗೇನೋ ಬಡಿಯತೊಡಗಿತು. ಗುಜರಿಗೆ ಹಾಕೋಣ ಅಂದಳು ಮಗಳು. ಗಂಡ ಕೈಯಿಟ್ಟು ಸವೆಸಿದ ಸ್ಟೀರಿಂಗನ್ನು ಗುಜರಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಮೇಸ್ತ್ರಿಗೆ ಹೇಳಿಕಳಿಸಿದಳು.

ಮೇಸ್ತ್ರಿ ಬಂದು ಎಣ್ಣೆಯ ಮುಚ್ಚಳ ತಿರುಗಿಸಿದ. ಒಳಗೆ ಕಾಫಿಯ ಕೆನೆಯಂಥ ಕೆಸರು.

"ಐದು ನಿಮಿಷಕ್ಕೆ ಇಂಜಿನ್ ಬಿಸಿಯೇ ಆಗಲ್ಲ ಅಕ್ಕಾ. ಒಳಗಿನ ತೇವ ಆರದೆ ಎಣ್ಣೆಗೇ ಸೇರುತ್ತೆ. ಗಾಡಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಎಣ್ಣೆ ಬದಲಿಸ್ಬೇಕು. ಮುದ್ದು ಮಾಡಿ ಮಾಡಿ ಹಾಳು ಮಾಡಿದ್ದೀರ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ನೋಡಿಕೊಂಡಷ್ಟು ದಿನ ಬರುತ್ತೆ ಅಂದವನೂ ಇವನೇ, ನೋಡಿಕೊಂಡದ್ದೇ ತಪ್ಪು ಅನ್ನುವವನೂ ಇವನೇ.

ಹೊಸ ಎಣ್ಣೆ ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ತಂದ. ಸದ್ದು ಹೋಗಲಿಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟ. ಇನ್ನೊಂದು ಕಿವಿಗಿಟ್ಟ. ಕೊನೆಗೆ ಅವಳ ಕೈಗೆ ಕೊಟ್ಟು ದನಿ ತಗ್ಗಿಸಿದ.

"ಸಣ್ಣ ಸದ್ದು ಈಗ ನನಗೆ ಕೇಳಲ್ಲ, ಯಾರಿಗೂ ಹೇಳ್ಬೇಡಿ. ನೀವೇ ಕೇಳಿ. ಟಿಕ್ ಟಿಕ್ ಅಂದ್ರೆ ಮೇಲಿನ ವಾಲ್ವು, ಸರಿಮಾಡ್ತೀನಿ. ಡಬ್ ಡಬ್ ಅಂದ್ರೆ ಕೆಳಗೆ ಬೇರಿಂಗ್ ಹೋಗಿದೆ, ಗುಜರಿಗೇ ಹಾಕ್ಬೇಕು."

ಬೀದಿಯ ತಿರುವಿನಲ್ಲೇ ಗಂಡನ ಕಾರನ್ನು ಅಡುಗೆಮನೆಯಿಂದ ಗುರುತಿಸುತ್ತಿದ್ದ ಕಿವಿ ಅವಳದು. ಅಂದು ಮಾತ್ರ ಎರಡೂ ಸದ್ದು ಬಂದವು. ಡಬ್ ಅನ್ನುತ್ತಿರುವುದು ಇಂಜಿನ್ನೋ ತನ್ನ ಎದೆಯೋ ಗೊತ್ತಾಗಲಿಲ್ಲ. ಟಿಕ್ ಟಿಕ್ ಅಂದುಬಿಟ್ಟಳು.

ಮೇಸ್ತ್ರಿ ವಾಲ್ವು ಸರಿಮಾಡಿ, ಬಾನೆಟ್ಟಿನಲ್ಲಿ ಅಂಕಿಯ ಪಕ್ಕ ತಾರೀಕನ್ನೂ ಬರೆದ. ವಾರಕ್ಕೊಮ್ಮೆ ಮಗಳು ದೂರ ಓಡಿಸತೊಡಗಿದಳು. ಐದು ವರ್ಷವಾಯಿತು, ಇಂಜಿನ್ ಇನ್ನೂ ಓಡುತ್ತಿದೆ.

ಶೆಡ್ಡು ಮುಚ್ಚಿ ಊರು ಬಿಡುವ ದಿನ ಮೇಸ್ತ್ರಿ ಮನೆಗೆ ಬಂದು ಆ ಸ್ಕ್ರೂಡ್ರೈವರನ್ನು ಅವಳಿಗೇ ಕೊಟ್ಟ. ಮೆಟ್ಟಿಲಿಳಿದವನು ತಿರುಗಿ ನಿಂತು ಕೇಳಿದ.

"ನಿಜ ಹೇಳಿ ಅಕ್ಕಾ, ಅವತ್ತು ನಿಮಗೆ ಕೇಳಿಸಿದ್ದು ಟಿಕ್ ಟಿಕ್ಕೇನಾ?"