ಗೇಟಿನಾಚೆಯ ಬೆಂಕಿಹಕ್ಕಿ

ನಾನು ಕಾಫಿ ಎಸ್ಟೇಟುಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ರಿಪೇರಿ ಮಾಡುವವನು. ಅವತ್ತು ತಿತಿಮತಿ ಹತ್ತಿರ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ಆಟ ಆಡುತ್ತಿದ್ದೆ. ಕ್ಯಾಮೆರಾ ಹಿಡಿದರೆ ನಮ್ಮ ಸುತ್ತಲೇ ವಿಚಿತ್ರ ಪ್ರಾಣಿಗಳು ಕಾಣುತ್ತವೆ, ಚೆಂಡು ಎಸೆದು ಹಿಡಿಯಬೇಕು. ಎರಡು ವರ್ಷದಿಂದ ಹುಡುಕುತ್ತಿದ್ದ ಬೆಂಕಿಹಕ್ಕಿ ಕಾಡಿನ ಗೇಟಿನಾಚೆ ಕಾಣಿಸಿತು! ಓಡಿಹೋಗಿ ಗೇಟಿನ ಮೇಲೆ ಬಗ್ಗಿದೆ.

"ಏನು ಹಿಡೀತಿದ್ದೀರಿ?" ಗೇಟು ಕಾಯುತ್ತಿದ್ದ ಫಾರೆಸ್ಟ್ ವಾಚರ್ ಕೇಳಿದರು.

"ಹಕ್ಕಿ ಅಣ್ಣ, ಭಾರೀ ಅಪರೂಪದ್ದು," ಅಂದುಬಿಟ್ಟೆ.

ತಕ್ಷಣ ನನ್ನ ತೋಳು ಹಿಡಿದರು. "ಕೇಸಾಗ್ತದೆ, ಗೊತ್ತುಂಟಾ?"

ಫೋನು ತೋರಿಸಿದೆ. ಹಿಡಿತ ಸಡಿಲವಾಯಿತು. ನನ್ನಲ್ಲಿ ಉಳಿದಿದ್ದು ಒಂದೇ ಚೆಂಡು. "ತಡೀರಿ, ರೆಕ್ಕೆ ಮಡಚಲಿ... ಈಗ ಎಸೀರಿ!" ಅವರೇ ಪಿಸುಗುಟ್ಟಿದರು. ಎಸೆದೆ, ಸಿಕ್ಕಿತು. ಇಬ್ಬರೂ ಕುಣಿದೆವು.

ಆಮೇಲೆ ಅವರು ಟೋಪಿ ಸರಿಮಾಡಿಕೊಂಡು, "ಸರಿ, ಇನ್ನು ಬಿಡಿ ಅದನ್ನ. ಗೇಟಿನ ಒಳಗಿಂದ ಏನನ್ನೂ ಹೊರಗೆ ತಗೊಂಡು ಹೋಗೋ ಹಾಗಿಲ್ಲ," ಅಂದರು.

ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಬಸ್ಸು ಬೇರೆ ಬಂದು ಹಾರ್ನ್ ಹೊಡೆಯುತ್ತಿತ್ತು. ಒಳಗೊಳಗೇ ಶಪಿಸುತ್ತಾ ಫೋನಿನಲ್ಲಿ ಬಟನ್ ಒತ್ತಿ ಹಕ್ಕಿಯನ್ನು ಬಿಟ್ಟೆ.

"ಒಳ್ಳೆ ಕೆಲಸ ಮಾಡಿದಿರಿ," ಎಂದವರು ತಮ್ಮ ಫೋನು ತೆಗೆದು ಮೆಲ್ಲಗೆ ಕೇಳಿದರು, "ಈ ಆಟದ ಹೆಸರೇನು?"

ಹಣ್ಣು ಕತ್ತರಿಸುವ ಇನ್ಯಾವುದೋ ಆಟದ ಹೆಸರು ಹೇಳಿ ಬಸ್ಸು ಹತ್ತಿದೆ.