ಹಸಿರು ವೈರು ಕೇಳುತ್ತಿದ್ದವರು

ಆವತ್ತು ಅಂಗಳ ಗುಡಿಸಿ, ಅಕ್ಕಿ ನೆನೆಹಾಕಿ, ಹೆರಿಗೆಗೆಂದು ಹೊನ್ನಾಳಿಯ ನಮ್ಮ ಮನೆಗೆ ಬಂದಿದ್ದ ಮಗಳ ಸ್ನಾನಕ್ಕೆ ಗೀಸರ್ ಹಾಕಿದೆ.

“ಅವ್ವಾ, ನಲ್ಲಿ ಮುಟ್ಟಿದ್ರೆ ಜುಮ್ ಅಂತೈತೆ,” ಅಂದಳು.

ಗೀಸರ್ ಆರಿಸಿ ವೈರ್‌ಮನ್‌ಗೆ ಫೋನ್ ಮಾಡಿದೆ. ಶಾಕ್ ಹೊಡೆದರೆ ಅಂಗೈ ಮುಚ್ಚಿ ಹಿಡಿದುಬಿಡುತ್ತದೆ ಅಂತ ಅವರು ಯಾವುದನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಚಹಾದ ಲೋಟಕ್ಕೂ ಮೊದಲು ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ, ಆವತ್ತು ನಮ್ಮಲ್ಲಿಗೆ ಬಂದಾಗಲೂ ಅದೇ: “ಹಸಿರು ವೈರು ಎಲ್ಲಿಗೆ ಹೋಗೈತ್ರೀ?”

“ನಲ್ಲಿ ಪೈಪಿಗೆ ಕಟ್ಟೇವಿ. ಕಬ್ಬಿಣದ್ದು, ನೆಲಕ್ಕಿಳಿದೈತಲ್ರೀ,” ಅಂದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಅಂದರೆ ನಮ್ಮ ಬೀದಿಯಲ್ಲೆಲ್ಲ ಅದೇ.

ಅವರು ಆ ಪೈಪ್ ಇಳಿದಿದ್ದ ಗೋಡೆಯ ಬುಡ ಕೆದರಿದರು. ಗೇಣು ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಪೈಪ್ ಕಂಡಿತು. ಹೋದ ವರ್ಷ ಪೈಪ್ ಒಡೆದಾಗ ಯಜಮಾನರು ಹಾಕಿಸಿದ್ದು.

“ಅಕ್ಕಾರೆ, ಇದು ನೆಲ ಮುಟ್ಟೇ ಇಲ್ಲ. ಗೀಸರ್‌ನಾಗೆ ಸೋರಿದ ಕರೆಂಟನ್ನ ನಲ್ಲಿಗೇ ತಂದು ಕೊಡಾಕೆ ಹತ್ತೈತೆ.”

ಮಗಳನ್ನು ಬಚ್ಚಲಿನಿಂದ ದೂರ ಕರೆತಂದು ಕೂರಿಸಿದೆ. ಅವಳು ಎಂಟು ತಿಂಗಳ ಬಸುರಿ.

ಅವರು ಗೀಸರ್ ಬಿಚ್ಚಿಟ್ಟು, ಸಂಜೆಯೊಳಗೆ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಪೈಪ್ ಹೂಳಿದರು. ಹಸಿರು ವೈರನ್ನು ನಲ್ಲಿಯಿಂದ ಬಿಚ್ಚಿ ಅದಕ್ಕೆ ಬಿಗಿದು, ಕರೆಂಟು ಈಗ ನೆಲಕ್ಕಿಳಿಯುತ್ತದೆ ಅಂತ ಆ ವೈರಿಗೆ ಬಲ್ಬು ಹಚ್ಚಿ ತೋರಿಸಿ ಹೋದರು.

ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡೆವು. ಮಗಳು ಮೊದಲು ಮಲಗಿದಳು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ಕೂಸು ಒದ್ದ ಮೇಲೆ ನಾನೂ ಮಲಗಿದೆ.