ಮೆಣಸಿನಕಾಯಿ ಉರಿಯೆಂದು ಕಳಿಸಿಬಿಟ್ಟೆ

ಕೊರೋನಾ ಬರುವುದಕ್ಕೆ ಹಿಂದಿನ ವರ್ಷದ ಮಾತು. ಬ್ಯಾಡಗಿಯಲ್ಲಿ ನನ್ನದು ಒಂದೇ ಕುರ್ಚಿಯ ದಂತ ಚಿಕಿತ್ಸಾಲಯ. ರಾಣೆಬೆನ್ನೂರಿನಿಂದ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಗೆ ಹೋದರೆ ಮಾತಿಗೆ ಯಾರೂ ಇಲ್ಲ. ಆ ಒಂಟಿತನ ನನಗಿನ್ನೂ ಒಗ್ಗಿರಲಿಲ್ಲ.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ದಂತವೈದ್ಯರಿಗೊಂದು ಚಟ. ಬಾಯಿ ಉರಿ ಎಂದು ಯಾರೇ ಬರಲಿ, ಮೊದಲು ಅವರ ಕೈ ನೋಡುತ್ತೇವೆ. ಕಾಯಿ ಮುಟ್ಟಿದ ಕೈ ಬಾಯಿಗೆ ಹೋಗಿರುತ್ತದೆ, ಒಸಡು ಕೆಂಪಾಗಿರುತ್ತದೆ. ಜೆಲ್ ಕೊಟ್ಟು, ಮಜ್ಜಿಗೆ ಮುಕ್ಕಳಿಸಿ ಎಂದರೆ ಮುಗಿಯಿತು.

ಫೆಬ್ರವರಿಯ ಒಂದು ಸೋಮವಾರ ಬಂದವನು ನೇಪಾಳದವನು, ಹೆಸರು ತೇಜ್. ನಲವತ್ತರ ಆಸುಪಾಸು. ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಕನ್ನಡ ಬಾರದು, ನನ್ನ ಹರಕುಮುರುಕು ಹಿಂದಿ ಅವನಿಗೆ ತಿಳಿಯದು. ಕೆಳದವಡೆಯ ಹಿಂದಿನ ಹಲ್ಲಿಗೆ ಬೆರಳಿಟ್ಟು ಏನೋ ಹೇಳಿದ. ನಾನು ಕೆಂಪು ಹತ್ತಿದ ಆ ಬೆರಳನ್ನು ನೋಡಿದೆ, ಅದು ತೋರಿಸಿದ ಹಲ್ಲನ್ನು ನೋಡಲಿಲ್ಲ. ಜೆಲ್ ಕೊಟ್ಟು ಕಳಿಸಿದೆ.

ಗುರುವಾರ ಮತ್ತೆ ಬಂದ. ಬಲಗೆನ್ನೆ ಊದಿ, ಬಾವು ಗದ್ದದ ಕೆಳಗೂ ಇಳಿದಿತ್ತು. ಆರೋಗ್ಯವಂತರ ಬಾಯಿ ಮೂರು ಬೆರಳಗಲ ತೆರೆಯುತ್ತದೆ. ಅವನದು ಒಂದು ಬೆರಳೂ ತೆರೆಯಲಿಲ್ಲ. ಉಗುಳು ನುಂಗಲು ಒದ್ದಾಡುತ್ತಿದ್ದ. ಅದು ಆಬ್ಸೆಸ್, ಅಂದರೆ ಹಲ್ಲಿನ ಬೇರಿನಲ್ಲಿ ಕಟ್ಟಿದ ಕೀವು. ಗಂಟಲಿನತ್ತ ಹರಡಿದರೆ ಉಸಿರೇ ನಿಲ್ಲಬಹುದು.

ಹಾವೇರಿಯ ಆಸ್ಪತ್ರೆಗೆ ಚೀಟಿ ಬರೆದು ಬಾಗಿಲು ತೋರಿಸಿದೆ. ಅವನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕುಳಿತ. ಮತ್ತೆ ಹೊರಗೆ ಹಾಕುತ್ತಿದ್ದೇನೆ ಎಂದುಕೊಂಡಿದ್ದ.

ಸಹಾಯಕಿ ಶಾಂತವ್ವ ಸುಮ್ಮನಿರಲಿಲ್ಲ. "ಡಾಕ್ಟರ್ ಬಾಯಾರ, ಬಸ್ಸಿನ ಬೋರ್ಡ್ ಸುದ್ದಾ ಓದಾಕ ಬರಂಗಿಲ್ಲ ಅಂವಗ. ಚೀಟಿ ತಗೊಂಡು ಎಲ್ಲಿ ಹೋಗ್ತಾನ್ರಿ? ನೀವ ಕರ್ಕೊಂಡು ಹೋಗ್ರಿ, ಇಲ್ಲಿ ನಾ ನೋಡ್ಕೋತೇನಿ."

ಬಾಡಿಗೆ ಕಾರು ಮಾಡಿದೆ. ಮೋಟೆಬೆನ್ನೂರು ದಾಟುವಾಗ ಅವನ ಉಸಿರು ಸುಂಯ್‌ಗುಡತೊಡಗಿತು. "ಲಗೂ ನಡೀರಿ" ಎಂದು ಡ್ರೈವರನ ಬೆನ್ನು ಹತ್ತಿದೆ. ತೇಜ್ ನನ್ನ ಸೆರಗಿನ ಅಂಚು ಹಿಡಿದವನು ಹಾವೇರಿ ಮುಟ್ಟುವವರೆಗೆ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಒಪ್ಪಿಗೆ ಪತ್ರ ಹಿಡಿದು ಕೇಳಿದಳು: "ಇವ್ರ ಕಡೆಯವ್ರು ಯಾರ ಅದಾರ್ರಿ?"

"ನಾನ ಅದೀನ್ರಿ."

"ಏನಾಗಬೇಕ್ರಿ ನೀವು?"

ಡಾಕ್ಟರ್ ಎನ್ನಬಹುದಿತ್ತು. ನಾಚಿಕೆಯಾಯಿತು. "ಅಕ್ಕ ಅಂತ ಬರಕೋರಿ" ಎಂದು ಸಹಿ ಹಾಕಿದೆ.

ಕೀವು ತೆಗೆದರು, ಹಲ್ಲು ಕಿತ್ತರು. ಜೀವ ಉಳಿಯಿತು. ಒಂದೆರಡು ದಿನ ಬಿಟ್ಟು ಮಧ್ಯಾಹ್ನ ನೋಡಲು ಹೋದೆ. ಬಾಯಿ ಅರ್ಧ ತೆರೆಯುತ್ತಿತ್ತು, ಅಷ್ಟರಲ್ಲೇ ಮಾತು ಶುರು ಮಾಡಿದ. ಅರ್ಧ ಗಂಟೆ ತನ್ನ ಭಾಷೆಯಲ್ಲಿ ಹೇಳುತ್ತಲೇ ಹೋದ. ಒಮ್ಮೆ ನಕ್ಕ, ಒಮ್ಮೆ ಅತ್ತ. ನನಗೆ ಒಂದಕ್ಷರ ತಿಳಿಯಲಿಲ್ಲ. ಎಷ್ಟು ತಿಂಗಳಿಂದ ಕೇಳುವವರಿಲ್ಲದೆ ಕೂಡಿಟ್ಟಿದ್ದನೋ ಪಾಪ! ಅವನು ನಿಲ್ಲಿಸಿದ ಮೇಲೆ ನಾನೂ ಕನ್ನಡದಲ್ಲಿ ಹೇಳಿದೆ, ತಪ್ಪು ನನ್ನದೆಂದು. ಅದರ ಹಿಂದೆಯೇ ಗಂಡನ ಸುದ್ದಿಯೂ ಬಂದುಬಿಟ್ಟಿತು. ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸುತ್ತ ಕೊನೆಯವರೆಗೂ ಕೇಳಿದ.

ಈಗ ರೋಗಿ ಬಂದು ಕುಳಿತರೆ ನಾನು ಮೊದಲು ಬಾಯಿ ಬಿಡುವುದಿಲ್ಲ. ಕೈಗೊಂದು ಕನ್ನಡಿ ಕೊಟ್ಟು, ಎಲ್ಲಿ ನೋವೆಂದು ಅವರೇ ತೋರಿಸುವವರೆಗೆ ಕಾಯುತ್ತೇನೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕೆಲವರು ಹಲ್ಲು ತೋರಿಸಿದ ಮೇಲೂ ಕನ್ನಡಿ ಮರಳಿಸದೆ ಮನೆಯ ಸುದ್ದಿ ಹೇಳುತ್ತ ಕೂರುತ್ತಾರೆ. ಹೊರಗೆ ಕಾಯುವವರು ಗೊಣಗುತ್ತಾರೆ. ಗೊಣಗಲಿ ಬಿಡಿ, ಅವರ ಸರದಿಯೂ ಬರುತ್ತದೆ.